ಬಚ್ಚಲ ತೊಟ್ಟಿಯಲ್ಲಿ ದೊಡ್ಡವ್ವ

ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗೋಣವೆಂದು ಬಾಗಿಲು ಎಳೆದೆ, ಅದು ಸರಿಯಲಿಲ್ಲ. ಮರದ ಚೌಕಟ್ಟಿಗೆ ಕಾಗದ ಅಂಟಿಸಿದ ಹಗುರ ಬಾಗಿಲು ಅದು, ಕಿರುಬೆರಳಲ್ಲಿ ತಳ್ಳಿದರೂ ಜಾಡಿನಲ್ಲಿ ಓಡುವಂಥದ್ದು. ಎರಡು ಕೈ ಹಾಕಿ ಎಳೆದೆ. ಮೇಲಿನ ತೊಲೆ ಅದರ ನೆತ್ತಿಯ ಮೇಲೆ ಕೂತುಬಿಟ್ಟಿತ್ತು.

ನಮ್ಮ ಎಚಿಗೊ ಸೀಮೆಯ ಬೆಟ್ಟದ ಊರುಗಳಲ್ಲಿ ಚಳಿಗಾಲದಲ್ಲಿ ಬಾಗಿಲು ಹಿಡಿದುಕೊಂಡರೆ ಬಡಗಿಗೆ ಹೇಳಿಕಳಿಸುವವರಿಲ್ಲ. ಮೇಲೆ ಹಿಮ ಎಷ್ಟು ಕೂತಿದೆಯೋ ಎಂದು ಎಲ್ಲರೂ ತಲೆಯೆತ್ತಿ ಮಾಡು ನೋಡುತ್ತಾರೆ.

"ಅತ್ತೆ, ಬಾಗಿಲು ಹಿಡ್ಕೊಂಡಿದೆ."

ಅತ್ತೆ ತೊಯೊ ಬೆಂಕಿಗುಂಡಿಯ ಪಕ್ಕ ಕೂತು ಬೂದಿ ಕೆದಕುತ್ತಿದ್ದರು. "ಜೋರಾಗಿ ಎಳಿ. ನಿನ್ನೆ ಉಂಡಿದ್ದೆಲ್ಲಾ ಎಲ್ಲಿ ಹೋಯ್ತು?"

"ನಿನ್ನೆ ಚೆನ್ನಾಗೇ ಸರೀತಿತ್ತು."

ಅತ್ತೆ ಎದ್ದು ಬಂದು ನಡುಗಂಬಕ್ಕೆ ಅಂಗೈ ಇಟ್ಟು ನಿಂತರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಅಷ್ಟರಲ್ಲಿ ಮೇಲೆಲ್ಲೋ ಮರ ನರಳಿತು. ದೊಡ್ಡ ಶಬ್ದವೇನಲ್ಲ. ಮುದುಕರು ಮಗ್ಗುಲು ಬದಲಿಸುವಾಗ ಹಾಸಿಗೆಯಿಂದ ಬರುತ್ತದಲ್ಲ, ಅಂಥದ್ದು.

ಹೋದ ವರ್ಷ ಇದೇ ದಿನಗಳಲ್ಲಿ ಮೇಲಿನ ಗದ್ದೆಯ ಅಂಚಿನ ಮನೆ ಹಿಮದ ಭಾರಕ್ಕೆ ಕುಸಿದು ಕೂತುಬಿಟ್ಟಿತ್ತು. ಸದ್ದು ಕೇಳಿ ಯಾರೋ ಅಕ್ಕಿ ಮೂಟೆ ಕೆಳಗೆ ಹಾಕಿದರೇನೋ ಅಂದುಕೊಂಡಿದ್ದೆವು. ಹೋಗಿ ಅಗೆದು ತೆಗೆದಾಗ ಆ ಮನೆಯ ಯಜಮಾನಿಯ ಕೈಯಲ್ಲಿ ಅನ್ನದ ಬಟ್ಟಲು ಹಾಗೇ ಇತ್ತು. ಆ ಕೈಯನ್ನು ನಾನು ಕಣ್ಣಾರೆ ಕಂಡಿದ್ದೆ.

ಊರಲ್ಲಿ ಗಂಡಸರು ಇರಲಿಲ್ಲ. ಹಿಮ ಬೀಳುವ ಮೊದಲೇ ನನ್ನ ಗಂಡ ತಾಮೊತ್ಸು ಉಳಿದವರ ಜೊತೆ ಸುರಂಗ ಕೊರೆಯುವ ಕೆಲಸಕ್ಕೆ ಬಯಲುಸೀಮೆಗೆ ಇಳಿದಿದ್ದರು. ಹಿಮ ಕರಗಿದ ಮೇಲೇ ಬರುವುದು. ಮಾಡಿನ ಮೇಲಿನ ಹಿಮ ಕೆರೆದು ಹಾಕುವುದು ಹೆಂಗಸರ ಪಾಲಿನ ಕೆಲಸ. ಅದಕ್ಕೆ ನಾವು ಹೆದರುವವರಲ್ಲ. ಆದರೆ ಈ ಸಲ ಬಿಡುವಿಲ್ಲದೆ ಸುರಿದು ಮನೆಯ ಮೂರು ಕಡೆಯೂ ಹಿಮ ಸೂರಿನ ಮಟ್ಟಕ್ಕೆ ಬಂದು, ನೆಲದ ಹಿಮವೂ ಮಾಡಿನ ಹಿಮವೂ ಒಂದೇ ಆಗಿ ಅಂಟಿಕೊಂಡಿತ್ತು. ಆ ಕಡೆಗಳಲ್ಲಿ ಕೆಡವಲು ಜಾಗವೇ ಇಲ್ಲ. ಖಾಲಿ ಉಳಿದದ್ದು ಹಿತ್ತಲ ಕಡೆ ಮಾತ್ರ. ಅಲ್ಲಿ ಕೊಳ ಇತ್ತು. ಬೆಟ್ಟದ ಊಟೆಯ ನೀರು ಬಿದಿರಿನ ಕೊಳವೆಯಲ್ಲಿ ಬಂದು ಹಗಲೂ ರಾತ್ರಿ ಬೀಳುವುದರಿಂದ ಅದೊಂದು ಕಡೆ ಹಿಮ ನಿಲ್ಲುತ್ತಿರಲಿಲ್ಲ.

ಕೊಳದಲ್ಲಿ ದೊಡ್ಡವ್ವ ಇದ್ದಳು.

ಹಾಲಿನ ಬಿಳುಪಿನ ಮೈ, ಬೆನ್ನ ಮೇಲೆ ದಾಸವಾಳದ ಎಸಳು ಅಂಟಿಸಿದಂಥ ಕೆಂಪು. ಉದ್ದ ನನ್ನ ತೋಳಿನಷ್ಟು. ಮಾವ ಬದುಕಿದ್ದಾಗ ಸಾವಿರಾರು ಮರಿಗಳ ನಡುವಿನಿಂದ ಆರಿಸಿ ಉಳಿಸಿಕೊಂಡ ಕೋಯಿ, ಜನ ಕೊಳದ ಚೆಂದಕ್ಕೆಂದು ಸಾಕುವ ಮೀನು. ನಮ್ಮ ಮನೆಯಿಂದ ಮಾರಾಟಕ್ಕೆ ಹೋದ ಮರಿಗಳಿಗೆಲ್ಲ ಅವಳೇ ತಾಯಿ. ಅವಳು ಹೋದರೆ ಬೇಸಿಗೆಯಲ್ಲಿ ತಾಮೊತ್ಸುಗೆ ಮನೆಯಲ್ಲಿ ಕೆಲಸವಿಲ್ಲ, ಬೇಸಿಗೆಯೂ ಸುರಂಗವೇ. ಅವಳ ಜೊತೆಗೆ ಸಣ್ಣ ಗಂಡು ಮೀನುಗಳು ಕೆಲವು, ಮತ್ತೆ ತಾಮೊತ್ಸು ಪೇಟೆಯಿಂದ ನನಗೆಂದು ತಂದ ಒಂದು ಜೊತೆ ಗೋಲ್ಡ್ ಫಿಶ್. "ಹೆಂಡತಿಗೆ ಬಳೆ ತರೋ ಬದಲು ಇದನ್ನ ತಂದನಲ್ಲ ಗಂಡಸು" ಎಂದು ಅತ್ತೆ ಆಗಾಗ ಆಡಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಈ ಮೀನುಗಳಿಗೆ ಊಟ ಹಾಕಬಾರದು, ಗದ್ದಲ ಮಾಡಬಾರದು. ತಳದಲ್ಲಿ ಒಟ್ಟಾಗಿ ಕೂತು, ಉಸಿರಿದೆಯೋ ಇಲ್ಲವೋ ಎನ್ನುವಂತೆ ಇರುತ್ತವೆ.

ಮಾಡಿನ ಅಷ್ಟೂ ಹಿಮ ಕೊಳಕ್ಕೆ ಬಿದ್ದರೆ ಕರಗುವುದಿಲ್ಲ, ಅರೆದ ಅನ್ನದ ಹಾಗೆ ಗಟ್ಟಿಯಾಗಿ ತಳದವರೆಗೂ ಕೂರುತ್ತದೆ. ಅದರೊಳಗೆ ಮೀನು ಬದುಕುವ ಮಾತೇ ಇಲ್ಲ.

"ಹಿತ್ತಲ ಕಡೆ ಹಾಕೋದೇ ದಾರಿ ಅತ್ತೆ" ಅಂದೆ.

"ನನಗೆ ಕಣ್ಣಿಲ್ವಾ?" ಅಂದರು. ಮೇಲೆ ಇನ್ನೊಮ್ಮೆ ಮರ ನರಳಿತು. ಅತ್ತೆ ಮಾಡಿನ ಕಡೆ ನೋಡಿ, ಗಂಡನ ಜೊತೆ ಜಗಳ ಆಡುವ ದನಿಯಲ್ಲಿ "ಸ್ವಲ್ಪ ತಡ್ಕೋ, ಕೆಲಸ ಇದೆ" ಅಂದರು. ಆಮೇಲೆ ನನಗೆ, "ಬಚ್ಚಲ ತೊಟ್ಟಿ ತೊಳಿ. ಸೋಪಿನ ವಾಸನೆ ಒಂದಿಷ್ಟೂ ಇರಬಾರದು."

ತೊಟ್ಟಿಯನ್ನು ಬೂದಿ ಹಾಕಿ ತಿಕ್ಕಿ ಕೊಳದ ನೀರನ್ನೇ ಹೊತ್ತು ತುಂಬಿದೆ. ನಮ್ಮ ತೊಟ್ಟಿಯ ತಳ ಕಬ್ಬಿಣದ್ದು, ಅದರಡಿಗೇ ಒಲೆ, ಸೌದೆ ತುಂಬುವ ಬಾಯಿ ಗೋಡೆಯ ಹೊರಗೆ, ಸೂರಿನಡಿ. ಕಾಲು ಸುಡದಿರಲಿ ಎಂದು ಸ್ನಾನಕ್ಕಿಳಿಯುವವರು ಮರದ ಹಲಗೆಯನ್ನು ತುಳಿದು ಮುಳುಗಿಸಿಕೊಂಡು ಅದರ ಮೇಲೆ ಕೂರುತ್ತಾರೆ. ಅತ್ತೆ ಆ ಹಲಗೆಯನ್ನು ತಳಕ್ಕೆ ಇಳಿಸಿ, ತೇಲದಂತೆ ಅದರ ಮೇಲೆ ಉಪ್ಪಿನಕಾಯಿ ಪೀಪಾಯಿಗೆ ಭಾರಕ್ಕಿಡುವ ಕಲ್ಲು ಇಟ್ಟರು.

"ಮೀನಿಗೆ ಹಲಗೆ ಯಾಕೆ?"

"ಬರೀ ಕಬ್ಬಿಣಕ್ಕೆ ಉಜ್ಜಿದ್ರೆ ಹೊಟ್ಟೆ ಚಿಪ್ಪು ಕಿತ್ತು ಹೋಗುತ್ತೆ. ನಿನ್ನ ಹೊಟ್ಟೇನ ಬಾಣಲೆಗೆ ಉಜ್ತಾರಾ ಯಾರಾದ್ರೂ?"

ಕೋಯಿಯನ್ನು ಬಲೆಯಲ್ಲಿ ಎತ್ತುವಂತಿಲ್ಲ. ಬಲೆ ದಾರಿ ತೋರಿಸಲಿಕ್ಕೆ ಮಾತ್ರ. ನಾನು ಬಲೆಯಿಂದ ಮೆಲ್ಲಗೆ ಒತ್ತಿದೆ, ಅತ್ತೆ ಮೊಣಕೈವರೆಗೂ ಮುಳುಗಿಸಿ ನೀರಿನೊಳಗೇ ಬೋಗುಣಿ ಹಿಡಿದಿದ್ದರು. ದೊಡ್ಡವ್ವ ಎಚ್ಚರವಾಗಲಿಲ್ಲ. ನಿದ್ದೆಗಣ್ಣಿನ ಮಗು ತೋಳಿಗೆ ಬರುವ ಹಾಗೆ ಬೋಗುಣಿಗೆ ಬಂದಳು. ಮನೆಯೊಳಗೆ ಹೊತ್ತು ತರುವಾಗ ಅವಳ ಕಿವಿರು ಒಮ್ಮೆ ತೆರೆದು ಮುಚ್ಚಿತು. ಅಷ್ಟು ಹೊತ್ತೂ ನಾನು ಉಸಿರು ಬಿಟ್ಟಿರಲಿಲ್ಲ.

ಎಲ್ಲವನ್ನೂ ಇಳಿಸಿ, ಹಾರಿ ಹೊರಗೆ ಬೀಳದಿರಲಿ ಎಂದು ತೊಟ್ಟಿಯ ಮುಚ್ಚಳ ಮುಚ್ಚಿದೆವು. ಮನೆ ಬೆಚ್ಚಗಾದರೆ ಮೀನು ಎಚ್ಚರಗೊಳ್ಳುತ್ತದೆಂದು ಅತ್ತೆ ಬೆಂಕಿಗುಂಡಿಯ ಕೆಂಡವನ್ನೂ ಬೂದಿಯಲ್ಲಿ ಹುದುಗಿಸಿದರು.

"ಇವತ್ತು ಸ್ನಾನ ಇಲ್ಲ ಕಣೇ ಕಿನು. ಬೆವರಲ್ಲೇ ಮಲಗಬೇಕು."

ಇದು ಸಣ್ಣ ಮಾತಲ್ಲ. ಎಲ್ಲರೂ ಸರದಿಯಲ್ಲಿ ಒಂದೇ ತೊಟ್ಟಿಗೆ ಇಳಿಯುವ ನಮ್ಮೂರಲ್ಲಿ, ಹಿಮ ಕೆರೆಯಲು ಮಾಡು ಹತ್ತಿದವರಿಗೇ ಮೊದಲ ಬಿಸಿನೀರು ಎನ್ನುವುದು ನಡೆದುಬಂದದ್ದು. ಆ ದಿನ ಮನೆಯ ಯಜಮಾನನೂ ಅವರ ನಂತರವೇ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮರದ ಸಲಿಕೆ ಹಿಡಿದು ಮೇಲೆ ಹೋದೆವು. ಹಿಮವನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಹಿತ್ತಲಿಗೆ ಜಾರಿಸುವುದು. ಮೊದಲ ತುಂಡು ಕೊಳಕ್ಕೆ ಬಿದ್ದಾಗ ಗುಳುಂ ಎಂದಿತು. ಸ್ವಲ್ಪ ಹೊತ್ತಿನಲ್ಲೇ ಗುಳುಂ ಎನ್ನುವುದು ಹೋಗಿ ಬರೀ ಧಪ್ ಎನ್ನತೊಡಗಿತು. ಕೆಳಗೆ ನೀರು ಕಾಣಲಿಲ್ಲ. ದೊಡ್ಡವ್ವ ಅಲ್ಲಿ ಇದ್ದಿದ್ದರೆ ಎಂದುಕೊಳ್ಳುತ್ತಾ ಮುಂದಿನ ತುಂಡು ಕತ್ತರಿಸಿದೆ.

ಕೆಳಗಿನ ಮನೆಯ ಮಸು ಅಜ್ಜಿ ನಮ್ಮನ್ನು ನೋಡಿರಬೇಕು. ಕಾಲು ಹೂಳದಿರಲಿ ಎಂದು ಕಟ್ಟಿಕೊಂಡ ಬಳ್ಳಿಯ ಮೆಟ್ಟನ್ನು ಹಿಮದ ಮೇಲೆ ಎಳೆಯುತ್ತಾ ಬಂದು ಕೆಳಗಿನಿಂದಲೇ ಕೂಗಿದರು.

"ಏ ತೊಯೊ! ಈ ವಯಸ್ಸಲ್ಲಿ ಮಾಡು ಹತ್ತಿದ್ದೀಯಲ್ಲೇ, ಗಂಡಿನ ಕಡೆಯವರು ನೋಡೋಕೆ ಬರ್ತಾರಾ?"

"ನಿನ್ನ ನೋಡೋಕೆ ಬಂದವರು ಇನ್ನೂ ಓಡ್ತಾನೇ ಇದ್ದಾರಂತೆ, ಅವರ ವಿಚಾರ ಹೇಳು!"

"ಇರ್ಲಿ ಇರ್ಲಿ. ಕೆಳಗಿನ ಕೆಲಸ ನಾನು ನೋಡ್ಕೋತೀನಿ, ನೀವು ಮೇಲಿನದು ನೋಡಿ!" ಎನ್ನುತ್ತಾ ನಮ್ಮ ಮನೆಯೊಳಗೆ ಹೋದರು.

ಸಾರು ಮಾಡುತ್ತಾರೆ ಅಂದುಕೊಂಡೆವು.

ಹಿತ್ತಲ ಕಡೆಯ ಮಾಡು ಬರಿದಾಗುತ್ತಾ ಬಂತು. ಸೊಂಟ ನೆಟ್ಟಗೆ ಮಾಡೋಣವೆಂದು ಎದ್ದು ನಿಂತವಳು ಸುಮ್ಮನೆ ಆ ಕಡೆ ನೋಡಿದೆ. ಬಚ್ಚಲ ಕೊಳವೆಯಿಂದ ಹೊಗೆ ಏಳುತ್ತಿತ್ತು. ತೆಳ್ಳಗೆ, ನೆಟ್ಟಗೆ, ಬಹಳ ಸಮಾಧಾನದ ಹೊಗೆ. ಒಳ್ಳೆಯ ಒಣ ಸೌದೆ ಹಾಕಿದರೆ ಬರುವಂಥದ್ದು.

ಒಂದು ಗಳಿಗೆ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು.

"ಅತ್ತೆ! ಬಚ್ಚಲೊಲೆ!"

ಅವರು ತಿರುಗಿ ನೋಡಿದರು. ಆ ಮುಖವನ್ನು ನಾನು ಮತ್ತೆಂದೂ ನೋಡಲಿಲ್ಲ, ನೋಡುವುದೂ ಬೇಡ. ನಾನು ಹಗ್ಗ ಬಿಚ್ಚಿದೆನೋ ಕಿತ್ತೆನೋ ತಿಳಿಯದು. ನಿಂತಲ್ಲಿಂದಲೇ ಜಾರಿ, ಪಕ್ಕದ ಹಿಮದಲ್ಲಿ ಎದೆಯವರೆಗೆ ಹೂತು, ಈಜಿದ ಹಾಗೆ ಈಜಿ ಒಲೆಯ ಬಾಯಿಗೆ ಬಂದೆ. ಮಸು ಅಜ್ಜಿ ಊದುಗೊಳವೆ ಹಿಡಿದು ಕೆಂಪು ಮುಖ ಮಾಡಿಕೊಂಡು ಕೂತಿದ್ದರು.

"ಬಂದ್ಯಾ ತಾಯಿ? ತುಂಬಿಸಿಟ್ಟು ಮುಚ್ಚಿದ್ರಿ, ಹಚ್ಚೋದು ಮರೆತಿದ್ರಿ. ಇನ್ನೇನು ಕೈಗೆ ಬೆಚ್ಚಗಾಗುತ್ತೆ..."

ಉರಿಯುವ ಕೊಳ್ಳಿಯನ್ನು ಬರಿಗೈಯಲ್ಲೇ ಎಳೆದು ಹಿಮಕ್ಕೆ ಎಸೆದೆ. ಒಲೆಯ ಬಾಯಿಗೆ ಹಿಮ ತುರುಕಿದೆ. ಬುಸ್ಸೆಂದು ಮುಖಕ್ಕೆ ಹಬೆ ಹೊಡೆಯಿತು. "ಅಜ್ಜಿ, ಒಳಗೆ ದೊಡ್ಡವ್ವ ಇದ್ದಾಳೆ" ಅಂದೆ. ಊದುಗೊಳವೆ ಅವರ ಕೈಯಿಂದ ಬಿತ್ತು.

ಒಳಗೆ ಓಡಿ ಮುಚ್ಚಳ ತೆಗೆದೆ. ನೀರಿಂದ ಹಬೆ ಏಳುತ್ತಿರಲಿಲ್ಲ, ದೇವರು ದೊಡ್ಡವನು. ಆದರೆ ಎಲ್ಲ ಮೀನೂ ಎಚ್ಚರಗೊಂಡು ಗೋಡೆಗೆ ಗೋಡೆಗೆ ಬಡಿಯುತ್ತಿದ್ದವು. ನನ್ನ ಗೋಲ್ಡ್ ಫಿಶ್ ಎರಡೂ ಬಾಯಿ ತೆರೆದುಕೊಂಡು ಮೇಲೆ ಬಂದು ಊಟ ಕೇಳಿದವು. ದೊಡ್ಡವ್ವ ಒಂದು ಮಗ್ಗುಲಾಗಿ ತೇಲುತ್ತಿದ್ದಳು. ಬಿಳಿ ಹೊಟ್ಟೆ ಕಾಣುತ್ತಿತ್ತು.

ನಾನು ಹೊರಗಿನಿಂದ ಬಕೆಟ್ಟಿನಲ್ಲಿ ಹಿಮ ತುಂಬಿ ತಂದು ಎತ್ತಿದೆ, ಇನ್ನೇನು ಸುರಿಯಬೇಕು.

"ಹಾಕ್ಬೇಡ!" ಅತ್ತೆ ಬಾಗಿಲಲ್ಲಿ ಕಿರುಚಿದರು. "ಒಮ್ಮೆಗೇ ತಣ್ಣಗಾದ್ರೆ ಈಗಲೇ ಸಾಯ್ತಾಳೆ. ಊಟೆ ನೀರು ತಾ. ಸೌಟಲ್ಲಿ. ತೊಟ್ಟಿ ಗೋಡೆ ಮೇಲಿಂದ ಇಳಿಸು."

ಅವರು ಒದ್ದೆ ತೋಳು ಮೇಲೇರಿಸಿ, ದೊಡ್ಡವ್ವನ ಹೊಟ್ಟೆಯಡಿಗೆ ಅಂಗೈ ಕೊಟ್ಟು ನೆಟ್ಟಗೆ ನಿಲ್ಲಿಸಿದರು. ಇನ್ನೊಂದು ಕೈ ತಳಕ್ಕೆ ಇಳಿಸಿ ತಡವಿ, "ಹಲಗೆ ಇದೆ, ಹಲಗೆ ಇದೆ" ಅಂದರು. ಕಲ್ಲು ಅದನ್ನು ಹಿಡಿದಿಟ್ಟಿತ್ತು. ಕಾದ ಕಬ್ಬಿಣಕ್ಕೆ ಅವಳ ಮೈ ತಾಗಿರಲಿಲ್ಲ.

ಮಸು ಅಜ್ಜಿ ಬಚ್ಚಲ ಬಾಗಿಲಾಚೆ ಮಣ್ಣಿನ ನೆಲದ ಮೇಲೆ ಹಣೆ ಹಚ್ಚಿ ಬಿದ್ದಿದ್ದರು. "ತೊಯೊ, ನನ್ನ ಕೈ ಕಡಿದು ಹಾಕು. ನಿನಗೆ ಮೊದಲ ಬಿಸಿನೀರು ಸಿಗ್ಲಿ ಅಂತ..."

ಅತ್ತೆ ತಿರುಗಿಯೂ ನೋಡಲಿಲ್ಲ. ಅವರು ಏನಾದರೂ ಅನ್ನುವ ಮೊದಲೇ ಮನೆ ಅಂದಿತು. ಈ ಸಲ ನರಳಿದ್ದಲ್ಲ, ಚಟ್ ಎಂದಿತು. ಮೇಲಿನಿಂದ ಮಸಿ ಉದುರಿ ತೊಟ್ಟಿಯ ನೀರಿಗೆ ಬಿತ್ತು.

ಒಂದು ಕಡೆಯ ಹಿಮ ತೆಗೆದು ಇನ್ನೊಂದು ಕಡೆ ಬಿಟ್ಟು ಬಂದಿದ್ದೆವು. ಪೂರ್ತಿ ಭಾರಕ್ಕಿಂತ ಅರ್ಧ ಭಾರವೇ ಕೆಟ್ಟದ್ದು. ಮನೆ ತಿರುಚಿಕೊಳ್ಳುತ್ತದೆ. ಮೇಲಿನ ಗದ್ದೆಯ ಮನೆಗೂ ಹಾಗೇ ಆಗಿತ್ತಂತೆ.

ಅತ್ತೆ ತಮ್ಮ ಅಂಗೈ ನೋಡಿದರು. ಕೈ ತೆಗೆದರೆ ಅವಳು ಮಗುಚಿಕೊಳ್ಳುತ್ತಾಳೆ. ತೆಗೆಯದಿದ್ದರೆ ಎಲ್ಲರೂ ಇಲ್ಲೇ ಮನೆಯಡಿ ಸಮಾಧಿ. ನಾನೊಬ್ಬಳೇ ಹೋಗುತ್ತೇನೆ ಅನ್ನಬೇಕೆಂದುಕೊಂಡೆ, ಆದರೆ ಕತ್ತಲಾಗುವುದರೊಳಗೆ ಒಬ್ಬಳಿಂದ ಆಗುವ ಕೆಲಸ ಅದಲ್ಲ.

"ಮಸು" ಅಂದರು ಅತ್ತೆ. "ಹಣೆ ಆಮೇಲೆ ಹಚ್ಚು. ಬಾ ಇಲ್ಲಿ, ತೋಳು ಮೇಲೇರಿಸು."

ಮಸು ಅಜ್ಜಿ ಎದ್ದು ಬಂದರು. ಅತ್ತೆ ಅವರ ಕೈಯನ್ನು ನೀರಿನೊಳಗೆ ತಮ್ಮ ಕೈಯ ಕೆಳಗೆ ಇರಿಸಿ, ಮೆಲ್ಲಗೆ ತಮ್ಮದನ್ನು ಎಳೆದುಕೊಂಡರು. "ಹಿಂಡಬೇಡ. ಎತ್ತಬೇಡ. ಕೂಸಿನ ಗದ್ದ ಹಿಡಿದ ಹಾಗೆ ಹಿಡಿ. ಇನ್ನೊಂದು ಕೈಯಲ್ಲಿ ಸೌಟು."

"ಮನೆ ಬಿದ್ರೆ?"

"ಬಿದ್ರೆ ಬಿಡು, ಓಡು. ಅದಕ್ಕೂ ನನ್ನನ್ನೇ ಕೇಳ್ತಾಳೆ."

ಮತ್ತೆ ಹತ್ತಿದೆವು. ಆಚೆ ಕಡೆಯ ಹಿಮವನ್ನು ಮಾಡಿನ ನೆತ್ತಿ ದಾಟಿಸಿ ಹಿತ್ತಲಿಗೆ ಹಾಕಬೇಕು. ಕತ್ತರಿಸು, ಹೊರು, ದಾಟು, ಎಸೆ. ಕೆಳಗಿನಿಂದ ಚಟ್ ಎಂದಾಗಲೆಲ್ಲ ಇಬ್ಬರೂ ಕಲ್ಲಾಗಿ ನಿಲ್ಲುತ್ತಿದ್ದೆವು, ಮತ್ತೆ ಶುರು. ಅತ್ತೆಯ ತೋಳಿನ ತೋಯ್ದ ಬಟ್ಟೆ ಹೆಪ್ಪುಗಟ್ಟಿ ಕೈ ಆಡಿಸಿದಾಗ ಸದ್ದು ಮಾಡುತ್ತಿತ್ತು. ಮೇಲಿಂದ ಹೊಸ ಹಿಮ ಉದುರತೊಡಗಿತು. ನನ್ನ ತಲೆಯಲ್ಲಿ ಒಂದೇ ಯೋಚನೆ: ಆ ಅಜ್ಜಿ ಓಡಿ ಹೋಗಿರಬಹುದು. ಹೋಗಿದ್ದರೆ ತಪ್ಪೆನ್ನಲೂ ಬಾರದು.

ಇಳಿದಾಗ ಬೆಳಕು ನೀಲಿಯಾಗಿತ್ತು. ಬಚ್ಚಲಿಗೆ ಮೊದಲು ಹೋಗಲು ಇಬ್ಬರಿಗೂ ಧೈರ್ಯವಿಲ್ಲ. ಅತ್ತೆ ನನ್ನನ್ನು ಮುಂದೆ ತಳ್ಳಿದರು.

ಮಸು ಅಜ್ಜಿ ಅಲ್ಲೇ ಇದ್ದರು. ತೊಟ್ಟಿಯ ಅಂಚಿಗೆ ಗಲ್ಲ ಊರಿ ಮೊಣಕಾಲ ಮೇಲೆ ಕೂತಿದ್ದರು. ತೋಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕೂದಲ ತುಂಬ ಮಸಿ. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ.

"ಮಸು" ಅಂದರು ಅತ್ತೆ, ಬಹಳ ಮೆಲ್ಲಗೆ. "ಕೈ ತೆಗಿ. ನೋಡೋಣ."

"ಆಗಲ್ಲ ಕಣೇ. ಭಯ ಆಗುತ್ತೆ."

ಅತ್ತೆ ತಾವೇ ಆ ಕೈಯನ್ನು ಹಿಡಿದು ಹೊರಗೆ ತೆಗೆದರು. ದೊಡ್ಡವ್ವ ಒಮ್ಮೆ ಓರೆಯಾದಳು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ಎದೆಯ ಪಕ್ಕದ ಸಣ್ಣ ರೆಕ್ಕೆಗಳನ್ನು ಬೀಸಣಿಗೆಯಂತೆ ಆಡಿಸಿ, ನೆಟ್ಟಗಾಗಿ, ಕೆಳಗೆ ಕೆಳಗೆ ಇಳಿದು ಉಪ್ಪಿನಕಾಯಿ ಕಲ್ಲಿನ ಪಕ್ಕ ಹೊಟ್ಟೆಯೂರಿ ಕೂತಳು. ಉಸಿರಿದೆಯೋ ಇಲ್ಲವೋ ಎನ್ನುವಂತೆ. ಚಳಿಗಾಲದಲ್ಲಿ ಕೂರಬೇಕಾದಂತೆಯೇ.

ಅತ್ತೆ ಮಸು ಅಜ್ಜಿಯ ತೋಳನ್ನು ತಮ್ಮ ಅಂಗಿಯೊಳಗೆ, ಬರಿ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಕೂತರು.

"ಮಾಡು ಹತ್ತಿದೋರು ನಾವು" ಅಂದರು ಕೊನೆಗೆ. "ಮೊದಲ ಸ್ನಾನ ಮೀನಿಗೆ ಮಾಡಿಸಿದ್ಯಲ್ಲೇ ಹಾಳಾದವಳೇ."

"ನಮ್ಮನೆಗೆ ಬನ್ನಿ. ನಮ್ಮ ತೊಟ್ಟೀಲಿ ಮೀನಿಲ್ಲ" ಎಂದು ಅಜ್ಜಿ ಅಳತೊಡಗಿದರು.

ಹಿಮ ಕರಗಿ ಕೊಳ ತೆರೆಯುವವರೆಗೂ ನಾವು ಸ್ನಾನಕ್ಕೆ ಅವರ ಮನೆಗೇ ಹೋದೆವು. ಅಲ್ಲೂ ಅತ್ತೆ ಮುಚ್ಚಳ ತೆಗೆದು ಒಳಗೆ ನೋಡದೆ ಒಲೆ ಹಚ್ಚಗೊಡಲಿಲ್ಲ.

ಅವತ್ತು ಸಂಜೆ ಅವರಿಬ್ಬರಿಗೂ ಬಿಸಿ ಸಾರು ತರೋಣವೆಂದು ನಾನು ಎದ್ದೆ. ಅಡುಗೆಮನೆಯ ಬಾಗಿಲ ಮುಂದೆ ಕಾಲು ತಡೆಯಿತು. ಕೈ ಮುಂದೆ ಹೋಗಲು ಒಪ್ಪಲಿಲ್ಲ. ಆಮೇಲೆ ಕಿರುಬೆರಳು ಚಾಚಿ ತಳ್ಳಿದೆ. ಅದು ಸರಿಯಿತು.