ಮೇಲಿಂದ ಸುರಿದ ನೀರು

ಬಸ್ ಡಿಪೋದ ನೆಲದಡಿಯ ಟ್ಯಾಂಕು ಸೋರಿ ಎರಡು ತಿಂಗಳಾಗಿತ್ತು. ಮಣ್ಣಿಗಿಳಿದ ಡೀಸೆಲ್ಲು ಅಂತರ್ಜಲದ ಜೊತೆ ಮೆಲ್ಲಗೆ ಕಾಲನಿಯ ಬಾವಿಯ ಕಡೆ ಹೊರಟಿತ್ತು. ದಾರಿಯಲ್ಲೇ ಅದನ್ನು ತಿಂದು ಮುಗಿಸುವ ಸೂಕ್ಷ್ಮಾಣುಗಳಿಗೆ ಪ್ರಯೋಗಾಲಯದವರೆಲ್ಲ 'ಅಳಿಯಂದಿರು' ಎಂದು ಹೆಸರಿಟ್ಟಿದ್ದರು. ಕೂತಲ್ಲೇ ತಿನ್ನುವವರಿಗೆ ಇನ್ನೇನು ಅನ್ನಬೇಕು ಹೇಳಿ? ಆದರೆ ಈ ಅಳಿಯಂದಿರದ್ದೂ ಒಂದು ತಕರಾರು: ನೀರಿನಲ್ಲಿ ಆಮ್ಲಜನಕ ಇದ್ದರೆ ಊಟ ಚುರುಕು, ಇಲ್ಲದಿದ್ದರೆ ತಟ್ಟೆ ಮುಂದೆ ತೂಕಡಿಕೆ.

ಆಮ್ಲಜನಕ ಎಷ್ಟಿದ್ದರೆ ಡೀಸೆಲ್ಲು ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವಳು ಅವಳು. ಲೀಟರಿಗೆ ಆರು ಮಿಲಿಗ್ರಾಂ ಇದೆ, ಡೀಸೆಲ್ಲು ಬಾವಿ ಮುಟ್ಟುವುದೇ ಇಲ್ಲ ಎಂದು ನಿನ್ನೆ ಸಹಿ ಹಾಕಿದ್ದಳು. ಅದನ್ನು ನಂಬಿ ಇವತ್ತು ಹನ್ನೊಂದಕ್ಕೆ ನೀರು ಸರಬರಾಜಿನ ಎಂಜಿನಿಯರು, ಸೋರಿಕೆಯ ಭಯಕ್ಕೆ ನಿಲ್ಲಿಸಿದ್ದ ಬಾವಿಯ ನೀರನ್ನು ಮತ್ತೆ ನಲ್ಲಿಗಳಿಗೆ ಬಿಡುವವರಿದ್ದರು. ಆ ಕಾಲನಿಯಲ್ಲೇ ಅವಳ ಅಕ್ಕನ ಮನೆ.

ಹತ್ತೂವರೆಗೆ ಭಾವ ಖಾಲಿ ಬಾಟಲಿ ಒಯ್ಯಲು ಬಂದರು. ಡಿಪೋದ ಸುತ್ತ ಪರೀಕ್ಷೆಗೆಂದು ಕೊರೆದ ಕೊಳವೆಬಾವಿಗಳಿಂದ ನೀರು ಹಿಡಿದು ತರುವ ತಾತ್ಕಾಲಿಕ ಕೆಲಸ ಅವರದು. ಕಾಯಂ ಮಾಡುವ ಕಾಗದ ಅದೇ ಎಂಜಿನಿಯರ ಮೇಜಿನ ಮೇಲಿತ್ತು.

"ನನ್ ಬಾಟ್ಲಿ ನೋಡಿದ್ಯಾ, ಒಂದು ಚೂರೂ ಮಣ್ಣಿರಲ್ಲ," ಎಂದರು ಬೀಗುತ್ತ. "ಬಕೆಟ್ಟಿಗೆ ಎಳ್ಕೊಂಡು, ಬಟ್ಟೇಲಿ ಸೋಸಿ, ಮೇಲಿಂದ ಸುರೀತೀನಿ. ನೊರೆ ನೊರೆ ಬರತ್ತೆ."

ಸುರಿಯುವಾಗ ನೀರಿಗೆ ಸೇರಿದ ಗಾಳಿಯ ಆಮ್ಲಜನಕವನ್ನೇ ನೆಲದೊಳಗಿನದು ಎಂದು ಅಳೆದಿದ್ದಳು! ಹಾಗೆ ಸುರಿಯಬಾರದು ಎಂದು ಹೇಳಿಕೊಡಲು ಮರೆತವಳೂ ಅವಳೇ, ಮಹಾ ಪಂಡಿತೆ.

ಆರು ಇದ್ದ ಕಡೆ ಅಂದಾಜಿಗೆ ಅರ್ಧ ಮಿಲಿಗ್ರಾಂ ಹಾಕಿ ಮತ್ತೆ ಲೆಕ್ಕ ಓಡಿಸಿದಳು. ಪರದೆಯ ಮೇಲೆ ಕೆಂಪು ಗೆರೆ ತೆವಳಿಕೊಂಡು ಬಂದು ಬಾವಿಯನ್ನು ಮುಟ್ಟಿತು. ಮುಟ್ಟಿದ ತಾರೀಖು ನೋಡಿದಳು. ಮೊನ್ನೆಯದು. ಬಾವಿಯ ನೀರನ್ನು ಕೊನೆಯ ಸಲ ಪರೀಕ್ಷಿಸಿದ್ದು ಹೋದ ವಾರ.

ಎಂಜಿನಿಯರು ಫೋನ್ ಎತ್ತಿದ್ದು ಮೂರನೇ ಸಲಕ್ಕೆ. ಹನ್ನೊಂದಕ್ಕೆ ಎಂಟು ನಿಮಿಷವಿತ್ತು. ಅವರ ದೊಡ್ಡ ಗಂಟಲು ಕೋಣೆಗೆಲ್ಲ ಕೇಳಿಸಿತು. "ನಿನ್ನೆ ಸಹಿ ಹಾಕಿ ಇವತ್ತು ಬೇಡ ಅಂದ್ರೆ ಹೇಗಮ್ಮ? ಮೇಲಿನೋರಿಗೆ ಏನ್ ಹೇಳ್ಲಿ? ತಪ್ಪು ಯಾರದ್ದು?"

"ನಂದೇ ಸಾರ್, ನಾನು..." ಎನ್ನುವಷ್ಟರಲ್ಲಿ ಭಾವ ಫೋನ್ ಕಿತ್ತುಕೊಂಡರು.

"ಸಾರ್, ನೀರು ಹಿಡ್ದಿದ್ದು ನಾನು. ಗಾಳಿ ಸೇರಿಸ್ಬಿಟ್ಟೆ. ಹಾಗೇ ಬರ್ಕೊಳಿ. ಮೊದ್ಲು ಆ ವಾಲ್ವ್ ಮುಟ್ಬೇಡಿ."

"ಸರಿ, ಮುಚ್ಚೇ ಇರ್ಲಿ. ನಿನ್ನ ವಿಷಯ ಆಮೇಲೆ ನೋಡ್ತೀನಿ," ಎಂದು ಎಂಜಿನಿಯರು ಫೋನಿಟ್ಟರು.

ಅವಳು ಭಾವನ ಕಡೆ ತಿರುಗಿದಳು. "ಯಾಕೆ ಭಾವ ಹಾಗಂದ್ರಿ? ಹೇಳಿಕೊಡದೇ ಇದ್ದಿದ್ದು ನಾನಲ್ವಾ?"

"ನಾಳೆನೂ ಅವರು ನಿನ್ ಮಾತು ನಂಬಬೇಕಲ್ಲಮ್ಮ. ನನ್ ಮಾತು ನಂಬಿ ಯಾರಿಗೇನಾಗ್ಬೇಕು?" ಭಾವ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡರು. "ಅಕ್ಕಂಗೆ ಫೋನ್ ಮಾಡು, ನಲ್ಲಿ ಕೆಳಗೆ ಕೊಡ ಇಟ್ಕೊಂಡು ಕಾಯ್ತಿರ್ತಾಳೆ. ನೀರಿನ ವಿಷಯ ಮಾತ್ರ ಹೇಳು. ಕೆಲಸದ್ದು ನಾನೇ ಹೇಳ್ತೀನಿ."