ಕಡ್ಡಿಯೋ, ಕೆಂಡವೋ

"ತಂದೆ ಕಡೆಯಿಂದ ನೋಡಬೇಡಿ ಅತ್ತಿಗೆ, ತಾಯಿ ಕಡೆಯಿಂದ ನೋಡಿ," ಎನ್ನುತ್ತ ಮೈದುನ ಅಡುಗೆಮನೆಯ ಮೇಜಿನ ಮೇಲಿದ್ದ, ತುಂಟಿ ಎಂಬ ಹೆಣ್ಣುಕುದುರೆಯ ವಂಶವೃಕ್ಷದ ಹಾಳೆಯನ್ನು ತಾನೇ ಅವಳತ್ತ ತಿರುಗಿಸಿದ.

"ಎರಡೂ ಕಡೆಯಿಂದ ನೋಡಾಯ್ತು. ಬೇಕಾದ್ರೆ ತಲೆಕೆಳಗೆ ಮಾಡಿ ನೋಡು, ಬೇರೆ ಅಜ್ಜ ಹುಟ್ಟಿ ಬರ್ತಾನಾ?"

ಲಾಯದಲ್ಲಿ ಎಲ್ಲರಿಗೂ ಅವಳು ಅತ್ತಿಗೆಯೇ. ಅವಳಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವರಾದ ಕುದುರೆಯ ಮಾಲೀಕರೂ ಹಾಗೇ ಕರೆಯುತ್ತಿದ್ದರು. ಗಂಡ ಬದುಕಿದ್ದಾಗ ಓಟದ ಕುದುರೆಗಳನ್ನು ಅವನು ಪಳಗಿಸುತ್ತಿದ್ದ, ಯಾವುದು ಎಷ್ಟು ದೂರ ಓಡೀತು ಎಂದು ಅವಳು ಹೇಳುತ್ತಿದ್ದಳು. ಈಗ ಪಳಗಿಸುವ ಕೆಲಸ ಮೈದುನನದು. ಅಪ್ಪ ಅಮ್ಮ, ಅಜ್ಜ ಅಜ್ಜಿ, ಮುತ್ತಜ್ಜಂದಿರು ಎಷ್ಟು ದೂರದ ಓಟ ಗೆದ್ದರು, ಎಲ್ಲಿ ಸುಸ್ತಾದರು ಎಂದು ತಾಳೆ ನೋಡಿ ಅವಳು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದಳು. ಭಗ್ಗನೆ ಹೊತ್ತಿ ಸ್ವಲ್ಪ ದೂರದಲ್ಲೇ ಆರಿಹೋಗುವುದು ಕಡ್ಡಿ. ಕೊನೆಯವರೆಗೂ ಕಾವು ಉಳಿಸಿಕೊಳ್ಳುವುದು ಕೆಂಡ.

ತುಂಟಿ ಕಡ್ಡಿ. ಅದರಲ್ಲಿ ಎರಡು ಮಾತಿರಲಿಲ್ಲ. ತಂದೆ, ತಂದೆಯ ತಂದೆ, ತಾಯಿಯ ತಂದೆ, ಎಲ್ಲರೂ ಚಿಕ್ಕ ಓಟದ ಸರದಾರರು. ತಾಯಿಯ ತಾಯಿ ಮಾತ್ರ ಒಮ್ಮೆ ಉದ್ದದ ಓಟ ಗೆದ್ದಿದ್ದಳು, ಅದೂ ಕೆಸರಿನಲ್ಲಿ ಮಿಕ್ಕವೆಲ್ಲ ಜಾರಾಡುತ್ತಿದ್ದಾಗ. ಮೈದುನ ಜೋತುಬಿದ್ದಿದ್ದದ್ದು ಆ ಅಜ್ಜಿಯ ಬಾಲಕ್ಕೆ.

ಬರೀ ಕಡ್ಡಿಯಾಗಿದ್ದರೆ ಅತ್ತಿಗೆ ಇಷ್ಟು ಹೆದರುತ್ತಿರಲಿಲ್ಲ. ದಮ್ಮು ಮುಗಿದರೆ ಬೇರೆ ಕುದುರೆಗಳು ತಾವಾಗಿಯೇ ನಿಧಾನವಾಗುತ್ತವೆ. ಈ ತಂದೆಯ ಮನೆತನದವಕ್ಕೆ ಸಾಕು ಎನ್ನುವುದೇ ಗೊತ್ತಿಲ್ಲ. ಉಸಿರು ಹೋದ ಮೇಲೂ ಓಡುತ್ತವೆ, ಆಗ ಕಾಲು ಎಲ್ಲಿ ಬೀಳುತ್ತದೋ ಹೇಳಲಾಗದು. ಆ ಮನೆತನದ ಕೆಲವು ಕುದುರೆಗಳು ಉದ್ದದ ಓಟದಲ್ಲೇ ಮುಗಿದುಹೋಗಿದ್ದವು.

"ಕಡ್ಡಿ ಅಂದ್ರೆ ಮಾಲೀಕರು ಇದನ್ನ ಬೇರೆ ಊರಿಗೆ ಕಳಿಸ್ತಾರೆ," ಎಂದ ಮೈದುನ. "ಅಲ್ಲಿ ಚಿಕ್ಕ ಓಟಕ್ಕೇ ತಯಾರು ಮಾಡೋರಿದ್ದಾರೆ."

"ಕಳಿಸ್ಲಿ. ಅಲ್ಲಿ ಗೆದ್ಕೊಂಡು ಸುಖವಾಗಿರುತ್ತೆ."

"ಅದು ಸುಖವಾಗಿರುತ್ತೆ. ನಾವು? ಲಾಯದಲ್ಲಿ ಉಳಿದಿರೋದು ಇದೊಂದೇ. ಇದೂ ಹೋದ್ರೆ ಲಾಯ ಬಿಡ್ಬೇಕು, ಲಾಯದ ಹಿಂದಿನ ಈ ಮನೇನೂ ಬಿಡ್ಬೇಕು. ನನಗೆ ಬೇರೆ ಏನು ಬರುತ್ತೆ ಹೇಳಿ? ಕೈಮುಗೀತೀನಿ ಅತ್ತಿಗೆ."

ನಿಜಕ್ಕೂ ಕೈಮುಗಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಕತ್ತು ಬಗ್ಗಿಸಿ ನಿಂತವನು ಥೇಟ್ ತನ್ನ ಅಣ್ಣನ ಹಾಗೇ ಕಂಡ. ಅವಳು ಹಾಳೆ ಮಡಿಸಿಟ್ಟಳು.

ಸಂಜೆ ಮಾಲೀಕರು ಬಂದರು. ಉದ್ದದ ಓಟ ಗೆಲ್ಲಬೇಕೆಂಬ ಆಸೆಯಲ್ಲೇ ಅವರ ತಂದೆ ಕಣ್ಣುಮುಚ್ಚಿದ್ದರು, ಈಗ ಆ ಆಸೆ ಇವರ ಹೆಗಲೇರಿತ್ತು. ಅತ್ತಿಗೆಯ ಮಾತೆಂದರೆ ಅವರಿಗೆ ಕಲ್ಲಿನಲ್ಲಿ ಕೆತ್ತಿದ ಹಾಗೆ. ಮಗಳಿಗೆ ಗಂಡು ಹುಡುಕುವಾಗಲೂ ಅತ್ತಿಗೆಯನ್ನೇ ಕೇಳಿ ಎಂದು ಅವರ ಹೆಂಡತಿ ಹಂಗಿಸುತ್ತಿದ್ದರಂತೆ.

"ಏನಂತೀರಿ ಅತ್ತಿಗೆ? ಕಡ್ಡಿನೋ, ಕೆಂಡಾನೋ?"

ಮೈದುನ ಬೆನ್ನು ತಿರುಗಿಸಿಕೊಂಡು, ಆಗಲೇ ತೊಳೆದಿಟ್ಟಿದ್ದ ಲೋಟವನ್ನು ಮತ್ತೆ ತೊಳೆಯುತ್ತಿದ್ದ.

"ಕೆಂಡ," ಎಂದಳು ಅತ್ತಿಗೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಅಜ್ಜಿ ಕಡೆಯಿಂದ ಬಂದಿದೆ," ಎಂದೂ ಸೇರಿಸಿದಳು. ಮಾಲೀಕರು ಮಗುವಿನ ಹಾಗೆ ನಕ್ಕರು. ಆ ನಗು ನೋಡಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಓಟದ ದಿನ ಅವಳು ಜನರ ನಡುವೆ ಕಟಕಟೆ ಹಿಡಿದು ನಿಂತಿದ್ದಳು. ಕೊನೆಯ ತಿರುವಿಗೆ ತುಂಟಿಯೇ ಮುಂದೆ ಬಂತು. ಮಾಲೀಕರು ಟೋಪಿ ತೆಗೆದು ಬೀಸುತ್ತಿದ್ದರು. ಅಷ್ಟರಲ್ಲಿ ತುಂಟಿಯ ಕತ್ತು ಕೆಳಗಿಳಿದದ್ದು ಅತ್ತಿಗೆಗೆ ಕಂಡಿತು. ದಮ್ಮು ಮುಗಿದಿತ್ತು. ಕಾಲುಗಳು ಮಾತ್ರ ಹಾಗೇ ಓಡುತ್ತಿದ್ದವು.

"ಸಾಕು ನಿಲ್ಲೇ! ನಿಲ್ಲೇ ನಮ್ಮವ್ವ!"

ಪಕ್ಕದವರು ನಕ್ಕರು. ಗೆಲ್ಲುತ್ತಿರುವ ಕುದುರೆಗೆ ನಿಲ್ಲು ಎನ್ನುವವರನ್ನು ಅವರು ಎಲ್ಲಿ ಕಂಡಿದ್ದರು.

ಮುಂಗಾಲು ಮುರಿಯಿತು. ಸವಾರ ಉರುಳಿಬಿದ್ದು ಎದ್ದ. ತುಂಟಿಯೂ ಎದ್ದಿತು. ಮೂರು ಕಾಲಿನಲ್ಲಿ, ತನ್ನನ್ನು ದಾಟಿಹೋದ ಕುದುರೆಗಳ ಹಿಂದೆ ಓಡಲು ನೋಡಿತು. ಜನ ಓಡಿಬಂದು ಸುತ್ತ ಬಟ್ಟೆಯ ಪರದೆ ಹಿಡಿದರು. ಕಾಲು ಮುರಿದ ಓಟದ ಕುದುರೆಗೆ ಕೊಡುವ ಕೊನೆಯ ಸೂಜಿಮದ್ದು ಹಿಡಿದು ವೈದ್ಯರು ಒಳಗೆ ಹೋದರು. ಆಮೇಲೆ ಅವರೊಬ್ಬರೇ ಹೊರಗೆ ಬಂದರು.

ಮಾಲೀಕರು ಅಳುತ್ತ ಅತ್ತಿಗೆಯ ಎದುರು ಬಂದು ನಿಂತರು. ಬೈಯಲಿ, ಎರಡು ಏಟು ಹೊಡೆದರೂ ಹೊಡೆಯಲಿ ಎಂದು ಅವಳು ಕಾದಳು.

"ನಿಮ್ಮ ಮಾತು ಸುಳ್ಳಾಗ್ಲಿಲ್ಲ ಅತ್ತಿಗೆ. ಕಾಲೊಂದು ಕೈಕೊಡದೆ ಇದ್ದಿದ್ರೆ ಗೆದ್ದೇಬಿಡ್ತಿತ್ತು. ಕೊನೇವರೆಗೂ ಹೇಗೆ ಬಂತು ನೋಡಿದ್ರಾ!"

"ಅದು ಕೆಂಡ ಅಲ್ಲ, ಕಡ್ಡಿ. ಗೊತ್ತಿದ್ದೂ ಸುಳ್ಳು ಹೇಳ್ದೆ."

ಅವರು ಕಣ್ಣೊರೆಸಿಕೊಂಡು ಅವಳನ್ನೇ ನೋಡಿದರು. "ಎಂಥಾ ಮನಸ್ಸಮ್ಮ ನಿಮ್ದು. ನನ್ನ ಸಮಾಧಾನಕ್ಕೆ ತಪ್ಪೆಲ್ಲ ನಿಮ್ಮ ತಲೆ ಮೇಲೆ ಹಾಕ್ಕೋತಿದ್ದೀರಿ."

"ಇಲ್ಲ, ನಾನು ಹೇಳೋದು ಕೇಳಿ..."

"ಇದರ ತಂಗಿ ಇದೆ. ಅದೇ ತಂದೆ, ಅದೇ ತಾಯಿ. ತಗೋತೀನಿ ಅಂತ ಆಗಲೇ ಮಾತು ಕೊಟ್ಟಿದ್ದೀನಿ. ಇದೇ ಓಟಕ್ಕೆ ನಿಮ್ಮಲ್ಲೇ ತಯಾರು ಮಾಡಿ. ಬೇಡ ಅನ್ಬೇಡಿ."

ಅತ್ತಿಗೆ ಮೈದುನನ ತೋಳು ಹಿಡಿದು ಅಲ್ಲಾಡಿಸಿದಳು. "ನೀನಾದ್ರೂ ಹೇಳೋ. ಬಾಯಿ ಬಿಡೋ."

ಮೈದುನ ಮಾಲೀಕರ ಮುಖ ನೋಡಲಿಲ್ಲ. "ಅತ್ತಿಗೆಗೆ ತುಂಬಾ ಸಂಕಟ ಆಗಿದೆ ಸಾರ್. ಮನೆಗೆ ಕರ್ಕೊಂಡು ಹೋಗ್ತೀನಿ," ಎಂದ.

ಆ ತಂಗಿ ಬರುವ ದಿನ ಬೆಳಿಗ್ಗೆ ಅತ್ತಿಗೆ ಲಾಯಕ್ಕೆ ಹೋದಾಗ ಮೈದುನ ತುಂಟಿ ನಿಲ್ಲುತ್ತಿದ್ದ ಖಾಲಿ ಅಂಕಣಕ್ಕೆ ಹೊಸ ಹುಲ್ಲು ಹಾಸುತ್ತಿದ್ದ. ಅವಳನ್ನು ಕಂಡು ಕೈ ನಿಲ್ಲಿಸಿದ. ಹುಲ್ಲು ಮೂಲೆಯವರೆಗೆ ಸಾಲದೆ ನೆಲ ಕಾಣುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೊಂದು ಹೊರೆಯ ಹಗ್ಗ ಬಿಚ್ಚಿದಳು.