ಗಂಜಿ ಮೆತ್ತಿದ ಚರಿತ್ರೆ

ನಾನೊಂದು ಚರಿತ್ರೆ ಪುಸ್ತಕ. ಹುಟ್ಟಿದ್ದು ನಾನೂರು ವರ್ಷಗಳ ಹಿಂದೆ, ಲಂಡನ್ನಿನ ಒಂದು ಅಚ್ಚುಕೂಟದಲ್ಲಿ. ನನ್ನ ತೂಕ ಎಂಥದ್ದೆಂದರೆ, ಎತ್ತಿಕೊಂಡವರು ಮೊದಲು ಸೊಂಟ ಹಿಡಿದುಕೊಳ್ಳುತ್ತಿದ್ದರು, ಆಮೇಲೆ ಓದುತ್ತಿದ್ದರು. ಒಳಗೆ ರಾಜರು, ಯುದ್ಧಗಳು, ಎಲ್ಲವೂ ಇಸವಿ ಸಮೇತ. ಸುಳ್ಳೆಂದರೆ ನನಗಾಗದು.

ಅಂಥ ನನ್ನನ್ನು ಕೊಂಡವನು ನಾಟಕ ಬರೆಯುವ ನಿಕೊಲಾಸ್! ನನ್ನ ಹನ್ನೆರಡು ವರ್ಷದ ಯುದ್ಧವನ್ನು ತನ್ನ ನಾಟಕದಲ್ಲಿ ಒಂದೇ ಮಧ್ಯಾಹ್ನಕ್ಕೆ ಮುಗಿಸಿದ. ಸತ್ತು ಮೂರು ವರ್ಷವಾಗಿದ್ದ ರಾಣಿಯನ್ನು ಎಬ್ಬಿಸಿ ತಂದು ಶಾಪ ಹಾಕಿಸಿದ. ಹಲ್ಲು ಕಚ್ಚಿ ಸಹಿಸಿಕೊಂಡೆ.

ನನ್ನ ಇನ್ನೂರ ಹನ್ನೆರಡನೇ ಪುಟದಲ್ಲಿ ಹ್ಯಾಸ್ಕಂ ಎಂಬ ಸರದಾರನಿದ್ದಾನೆ. ಯುದ್ಧ ಶುರುವಾದದ್ದೇ ತಡ, ಮೀನಿನ ಬುಟ್ಟಿಯೊಳಗೆ ಅಡಗಿ ಪರಾರಿಯಾದವನು. ಆ ಪಾತ್ರ ದಪ್ಪ ನಟ ಗಿಲ್ಬರ್ಟನಿಗೆ ಬಂತು. ನಾಟಕ ಮಂಡಳಿಯಲ್ಲಿದ್ದವರೇ ಹತ್ತು ಜನ. ಕೊನೆಯ ಅಂಕದಲ್ಲಿ ಹೊಸ ರಾಜನ ವೇಷವೂ ಅವನದ್ದೇ.

"ಲೋ ನಿಕೊಲಾಸ್, ಬುಟ್ಟಿಯೊಳಗೆ ನಾನು ಹಿಡಿಸ್ತೀನೇನೋ? ಹೇಗೂ ವೇಷ ಬದಲಿಸಬೇಕು, ನನ್ನ ಸಾಯಿಸಿಬಿಡು. ಆದ್ರೆ ಚೆನ್ನಾಗಿ ಸಾಯಿಸು" ಎಂದ ಗಿಲ್ಬರ್ಟ್.

ಹಾಗಾಗಿ ಹ್ಯಾಸ್ಕಂ ಎದೆಗೆ ಏಳು ಬಾಣ ತಗುಲಿಸಿಕೊಂಡು, ಮೂವತ್ತು ಸಾಲು ಪದ್ಯ ಹೇಳಿ ಸತ್ತ. ನೋಡಿದವರೆಲ್ಲ ಗೊಳೋ ಎಂದು ಅತ್ತರು. ಅತ್ತವರಲ್ಲಿ ಒಬ್ಬ ಪ್ರಭುವೂ ಇದ್ದ. ಅವನು ಹ್ಯಾಸ್ಕಂನ ಮರಿಮೊಮ್ಮಗ!

"ನಮ್ಮ ಮುತ್ತಜ್ಜನ ಶೌರ್ಯ ಪುಸ್ತಕದಲ್ಲೇ ಇದೆಯಂತಲ್ಲ! ನಾಳೆ ತಗೊಂಡು ಬಂಗಲೆಗೆ ಬಾ. ನೆಂಟರೆದುರು ನಾನೇ ಓದ್ತೀನಿ" ಎಂದು ನಿಕೊಲಾಸನಿಗೆ ಅಪ್ಪಣೆ ಮಾಡಿದ.

ಮೀನಿನ ಬುಟ್ಟಿ ಬಯಲಾದರೆ ನಿಕೊಲಾಸನಿಗೆ ಸೆರೆಮನೆ, ನಾಟಕಶಾಲೆಗೆ ಬೀಗ. ಬೆಳಿಗ್ಗೆ ಓಟ್ಸ್ ಗಂಜಿ ಮುಂದಿಟ್ಟುಕೊಂಡು ಕೂತವನು ಒಮ್ಮೆ ಗಂಜಿ ನೋಡಿದ, ಒಮ್ಮೆ ನನ್ನನ್ನು ನೋಡಿದ. ಹ್ಯಾಸ್ಕಂನ ಪುಟಕ್ಕೆ ಎರಡು ಚಮಚ ಬಳಿದು, ಎದುರು ಪುಟವನ್ನು ಅಂಟಿಸಿ, ಮುಚ್ಚಿ, ನನ್ನ ಮೇಲೆ ತಾನೇ ಕೂತ!

ಬಂಗಲೆಯಲ್ಲಿ ಪ್ರಭು ಉಗುರು ಹಾಕಿ ಎಳೆದ. ಪುಟ ಬಿಡಲಿಲ್ಲ.

"ಇದೇನಯ್ಯ?"

"ಓದಿದವರೆಲ್ಲ ಅತ್ತಿದ್ದಾರೆ ಪ್ರಭು. ಕಣ್ಣೀರಿಗೆ ಅಂಟಿಕೊಂಡಿದೆ."

ಅಷ್ಟರಲ್ಲಿ ಪ್ರಭುವಿನ ಬೇಟೆನಾಯಿ ಬಂದು ನನ್ನ ಅಂಚು ನೆಕ್ಕತೊಡಗಿತು. ಗಂಜಿ ಸಡಿಲವಾಗುತ್ತಿತ್ತು. ನಿಕೊಲಾಸ್ ನಾಯಿಯ ತಲೆ ಸವರಿದ. ಸುಳ್ಳೆಂದರಾಗದ ನಾನು, ದೇವರಾಣೆ, ಪುಟ ಬಿಗಿಹಿಡಿದೆ.

"ನೋಡಿ ಪ್ರಭು, ನಾಯಿಗೂ ದುಃಖ ತಡೀಲಿಲ್ಲ."

ಪ್ರಭು ಮತ್ತೆ ಅತ್ತ. ಕಣ್ಣೊರೆಸಿಕೊಂಡು, "ನಮ್ಮ ತಾತನದೂ ಒಂದು ನಾಟಕ ಆಗಲಿ" ಎಂದ. ಆ ತಾತ ನನ್ನ ಮುನ್ನೂರ ನಾಲ್ಕನೇ ಪುಟದಲ್ಲಿ ಹಂದಿಗೆ ಹೆದರಿ ಮರ ಹತ್ತಿದ್ದಾನೆ. ಮಾರನೇ ಬೆಳಿಗ್ಗೆ ನಿಕೊಲಾಸ್ ಎರಡು ಬಟ್ಟಲು ಗಂಜಿ ತರಿಸಿದ.

ಅವನ ನಂತರ ಒಬ್ಬ ವಕೀಲನ ಮನೆ ಸೇರಿದೆ. ಅವನ ಹೆಂಡತಿ ನನ್ನಡಿಯಲ್ಲಿ ಕರವಸ್ತ್ರ ಇಟ್ಟು ಸುಕ್ಕು ತೆಗೆಯುತ್ತಿದ್ದಳು. ಈಗ ಗ್ರಂಥಾಲಯವೊಂದರ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದೇನೆ. ಪಕ್ಕದಲ್ಲೊಂದು ಚೀಟಿ: 'ಕೆಲವು ಪುಟಗಳು ಅಂಟಿಕೊಂಡಿವೆ. ಕಾರಣ ತಿಳಿಯದು.' ವಿದ್ವಾಂಸರು ಬಂದು ಬಗ್ಗಿ ನೋಡಿ, ತಲೆ ಕೆರೆದುಕೊಂಡು ಹೋಗುತ್ತಾರೆ.

ಕಾರಣ ನನಗೆ ಗೊತ್ತು. ಬಾಯಿ ಬಿಡೋಣವೆಂದರೆ ಗಂಜಿ ಬಿಡಬೇಕಲ್ಲ!